ಬೆಳಿಗ್ಗೆ ನಾಲ್ಕರ ವಾಚ್

"ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು ನಿವೃತ್ತಿ ಆದಮೇಲೆ ಊರಲ್ಲಿ ಹೇಗೆ ಕಾಲ ಕಳೆಯುತ್ತಾರೆ, ಹತ್ತಿರದಿಂದ ನೋಡಿದವರಿದ್ದೀರಾ?" ಅಂತ ಕೇಳಿದ್ದೀರಿ. ನಾನು ನೋಡಿದ್ದು ಒಬ್ಬರನ್ನೇ, ನಮ್ಮ ದೊಡ್ಡಪ್ಪನನ್ನ. ಈಗ ಅವರಿಲ್ಲ.

ಕೊಪ್ಪಳ ಕಡೆಯವರೊಬ್ಬರು ಹಡಗು ಹತ್ತಿದ್ದೇ ಆಗ ದೊಡ್ಡ ಸುದ್ದಿ. ನಮಗೆ ನೀರು ಅಂದರೆ ತುಂಗಭದ್ರೆ, ದೋಣಿ ಅಂದರೆ ಹರಿಗೋಲು. ಅವರು 1968ರಲ್ಲಿ ಮುಂಬೈಯಿಂದ ಹೊರಟಾಗ ಸೂಯೆಜ್ ಕಾಲುವೆ ಬಂದ್ ಆಗಿತ್ತು. 1967ರ ಯುದ್ಧಕ್ಕೆ ಮುಚ್ಚಿದ್ದು ತೆರೆದಿದ್ದು 1975ಕ್ಕೆ. ಅಲ್ಲಿತನಕ ಯುರೋಪಿಗೆ ಹೋಗೋಕೆ ಇಡೀ ಆಫ್ರಿಕಾ ಸುತ್ತಬೇಕು. "ಆಫ್ರಿಕಾ ಹೆಂಗಿತ್ತು ದೊಡ್ಡಪ್ಪ?" ಅಂತ ಕೇಳಿದರೆ ಒಂದೇ ಉತ್ತರ: "ಭಾಳ ಸೆಕಿ."

ಸುಮ್ನೆ ಹೇಳಿದ್ದಲ್ಲ ಅದು. ಎಂಜಿನ್ ರೂಮಿನ ಬಹುಪಾಲು ನೀರಿನ ಮಟ್ಟಕ್ಕಿಂತ ಕೆಳಗಿರುತ್ತೆ. ಮನೆಗಿಂತ ಎತ್ತರದ ಎಂಜಿನ್, ತಿರುಗುವುದು ಮಾತ್ರ ನಿಮಿಷಕ್ಕೆ ನೂರು ಚಿಲ್ಲರೆ ಸುತ್ತು. ಅದಕ್ಕೆ ಹಾಕೋ ಎಣ್ಣೆ ತಣ್ಣಗಿದ್ದರೆ ಡಾಂಬರು. ನೂರು ಡಿಗ್ರಿ ದಾಟಿಸಿ ಕಾಯಿಸಿದರೇನೇ ಉರಿಯುತ್ತೆ. ಆ ಸದ್ದಿನಲ್ಲಿ ಅವರ ಕಿವಿ ಅರ್ಧ ಹೋಯಿತು. ಕಿವಿ ಹೋದಮೇಲೆ ಕೈ ಚುರುಕಾಯಿತು ಅಂತ ಕಾಣುತ್ತೆ. ನಮ್ಮ ಪಂಪ್‌ಸೆಟ್ ಮೇಲೆ ಅಂಗೈ ಇಟ್ಟು "ಬೇರಿಂಗ್ ಹೋಗಾಕತ್ತೈತಿ" ಅಂದರೆ ಹದಿನೈದು ದಿನಕ್ಕೆ ಅದು ಹೋಗುತ್ತಿತ್ತು. "ಮೂವತ್ತು ವರ್ಷ ನೀರಿನ ಕೆಳಗೆ ಕುಂತೆ, ನೀರು ನೋಡಿದ್ದು ಕಡಿಮಿ" ಅನ್ನೋರು.

ಅದಕ್ಕೇ ಇರಬೇಕು, ಊರಿಗೆ ಬಂದವರೇ ಗಾಳ ಹಿಡಿದರು. ಮುನಿರಾಬಾದ್ ಹತ್ತಿರ, ಟಿಬಿ ಡ್ಯಾಂ (ತುಂಗಭದ್ರಾ ಅಣೆಕಟ್ಟು) ಹಿನ್ನೀರಿನ ದಂಡೆ. ಹೊತ್ತು ಬೆಳಿಗ್ಗೆ 4ರಿಂದ 8, ಸಂಜೆ ಮತ್ತೆ 4ರಿಂದ 8. ಹಡಗಿನಲ್ಲಿ ಸೆಕೆಂಡ್ ಇಂಜಿನಿಯರ್‌ಗೆ ಸಾಮಾನ್ಯವಾಗಿ ಇದೇ ವಾಚ್, ಅಂದರೆ ಎಂಜಿನ್ ನೋಡಿಕೊಳ್ಳೋ ಪಾಳಿ. ಮೀನು ಕಚ್ಚೋದೂ ಹೆಚ್ಚಾಗಿ ಆ ಹೊತ್ತಿಗೇ ಅಲ್ವಾ, ಅವರ ನಿದ್ದೆ ಕೆಟ್ಟಿದ್ದು ಉಪಯೋಗಕ್ಕೆ ಬಂತು.

ನನಗೂ ಕಲಿಸಿದರು. ಕೆರೆ, ಡ್ಯಾಂ ಅಂದರೆ ಮೂರಂತಸ್ತಿನ ಮನೆ ಅಂತಿದ್ದರು. ಮೇಲಿನ ನೀರಲ್ಲಿ ಮೇಯೋದು ಕಾಟ್ಲಾ, ನಡುವೆ ರೋಹು, ತಳದ ಕೆಸರಲ್ಲಿ ಮೃಗಾಲ್. ಯಾರ ಮನೆಗೆ ಹೋಗ್ತೀಯೋ ಅಷ್ಟೇ ದಾರ ಬಿಡು. ಶೇಂಗಾ ಹಿಂಡಿ, ಜೋಳದ ಹಿಟ್ಟು ಕಲಸಿ ಉಂಡೆ. ದಾರದ ಮೇಲೆ ತೋರುಬೆರಳು. ನಾನು ಎಳೆಯೋಕೆ ಹೋದರೆ ತಡೆಯೋರು: "ತಡಿಯಲೇ, ಕಚ್ಚಿಲ್ಲ, ರುಚಿ ನೋಡಾಕತ್ತೈತಿ." ನನ್ನ ಬೆರಳಿಗೆ ಆ ವ್ಯತ್ಯಾಸ ಇವತ್ತಿಗೂ ತಿಳಿದಿಲ್ಲ.

ಮಜಾ ಏನು ಗೊತ್ತಾ, ನಮ್ಮದು ಮೀನು ಮುಟ್ಟದ ಮನೆ. ಹಿಡಿದದ್ದೆಲ್ಲ ಹರಿಗೋಲಿನವರಿಗೆ. ಗಾಳದ ಕೋಲು ಹೊಸ್ತಿಲು ದಾಟೋ ಹಾಗಿಲ್ಲ, ಅದರ ಜಾಗ ದನದ ಕೊಟ್ಟಿಗೆ. ದೊಡ್ಡಪ್ಪ ಸ್ನಾನ ಮಾಡಿಯೇ ಒಳಗೆ ಬರಬೇಕು. ಲೋಕ ಸುತ್ತಿದ ಇಂಜಿನಿಯರ್ ದಿನಾ ಎರಡು ಸಲ ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡು ನಡುಗುತ್ತಿದ್ದರು.

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಗಾಳ ಮುಟ್ಟಲಿಲ್ಲ. ಟಿವಿ ಸೌಂಡು ಬೀದಿಗೆ ಕೇಳುವಷ್ಟು ಇಟ್ಟು ಕೂತಿದ್ದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ತಾತ್ಕಾಲಿಕವಾಗಿ ನೀರು ತಡೆಯೋ ಉಕ್ಕಿನ ಹಲಗೆ, ಇಳಿಸಿ ಕೂರಿಸಿದ ದಿನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರು ಹಾಗೆ ಮಾಡಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮುಂದಿನ ಬೇಸಿಗೆಗೆ ಹೋಗಿಬಿಟ್ಟರು, ನಿದ್ದೆಯಲ್ಲೇ.

ಕೋಲು ಈಗಲೂ ಕೊಟ್ಟಿಗೆಯಲ್ಲೇ ಇದೆ. ಮೊನ್ನೆ ದೊಡ್ಡಮ್ಮನಿಗೆ ಕೇಳಿದೆ, ನಾನು ಒಯ್ಯಲಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈಗ ಬ್ಯಾಡ. ನಿನ್ನೆನ ರೀಲಿಗೆ ಹೊಲಿಗಿ ಮಷಿನ್ ಎಣ್ಣಿ ಬಿಟ್ಟೀನಿ" ಅಂದರು.