ಆ ದಪ್ಪ ಪುಸ್ತಕಕ್ಕೆ ದುಡ್ಡು ಎಲ್ಲಿಂದ ಬಂತು?

ಪ್ರಶ್ನೆ: 16ನೇ ಶತಮಾನದ ಲಂಡನ್ನಿನ ಮುದ್ರಕ ಜಾನ್ ಡೇ ಭಾರಿ ಪುಸ್ತಕಗಳನ್ನು ಅಚ್ಚು ಹಾಕಿದ್ದ ಅಂತ ಓದಿದೆ. ಓದು ಬಲ್ಲವರೇ ಕಡಿಮೆಯಿದ್ದ ಕಾಲದಲ್ಲಿ ಅದು ಹೇಗೆ ಗಿಟ್ಟುತ್ತಿತ್ತು?

ಉತ್ತರ: ಸಣ್ಣ ಪುಸ್ತಕಗಳಿಂದ! ಡೇ ಅಂದ ಕೂಡಲೇ ನೆನಪಾಗೋದು 1563ರಲ್ಲಿ ಅವನು ಅಚ್ಚು ಹಾಕಿದ ಜಾನ್ ಫಾಕ್ಸ್‌ನ 'ಆಕ್ಟ್ಸ್ ಅಂಡ್ ಮಾನ್ಯುಮೆಂಟ್ಸ್'. ನಂಬಿಕೆಗಾಗಿ ಪ್ರಾಣ ಕೊಟ್ಟವರ ಕಥೆ, ಸುಮಾರು 1,800 ಪುಟ. 1570ರಲ್ಲಿ ಅದು ಇನ್ನೂ ಬೆಳೆದು ಎರಡು ಸಂಪುಟವಾಯಿತು, ಮರದ ಅಚ್ಚಿನ ಚಿತ್ರಗಳೇ ನೂರಕ್ಕೂ ಜಾಸ್ತಿ. ಕಾಗದ ಬಹುಪಾಲು ಹೊರದೇಶದಿಂದ ಬರಬೇಕಿತ್ತು. ಅದು ಸಾಲದೆ ಹೋದಾಗ ಚಿಕ್ಕ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಅಚ್ಚಿಗೆ ಕೊಟ್ಟರು. ಎಂಥ ಹಟ ನೋಡಿ!

ಇಷ್ಟಕ್ಕೆಲ್ಲ ಬಂಡವಾಳ ಬೇಕಲ್ವಾ? ಅಲ್ಲಿ ಕೈ ಹಿಡಿದದ್ದು ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಕೊಟ್ಟ ಹಕ್ಕುಪತ್ರ. ಮಕ್ಕಳ ಎಬಿಸಿ ಮತ್ತು ಧರ್ಮಪಾಠ, ಚರ್ಚಿನಲ್ಲಿ ಹಾಡುವ ಕೀರ್ತನೆಗಳು, ಇವನ್ನು ಅವನೇ ಅಚ್ಚು ಹಾಕಬೇಕು, ಬೇರೆಯವರು ಮುಟ್ಟುವಂತಿಲ್ಲ. ಬೇಡಿಕೆ ಎಷ್ಟಿತ್ತು ಅಂದರೆ ರೋಜರ್ ವಾರ್ಡ್ ಅನ್ನೋ ಮುದ್ರಕ ಎಬಿಸಿಯ 10,000 ಪ್ರತಿ ಕದ್ದು ಅಚ್ಚು ಹಾಕಿದ, 1582ರಲ್ಲಿ ಡೇ ಅವನನ್ನು ಸ್ಟಾರ್ ಚೇಂಬರ್ ಕೋರ್ಟಿಗೆ ಎಳೆದ. ನನಗಂತೂ ಈ ಹಕ್ಕುಪತ್ರ ನ್ಯಾಯ ಅನ್ನಿಸಲ್ಲ. ಸಣ್ಣ ಮುದ್ರಕರಿಗೆ ದಿನಾ ಮಾರಾಟವಾಗುವ ಪುಸ್ತಕವೇ ಸಿಗದೆ ಹೋದರೆ ಹೊಟ್ಟೆಪಾಡು ಹೇಗೆ?

ಆದರೂ ಡೇಯ ಕಸುಬನ್ನು ಮೆಚ್ಚಲೇಬೇಕು. ಹಳೆಯ ಇಂಗ್ಲಿಷ್ ಬರಹಕ್ಕೆ ಮೊದಲ ಅಚ್ಚಿನ ಮೊಳೆ ಬಳಸಿದ್ದೂ ಇವನೇ, ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ ಬೆಂಬಲದಿಂದ.