ಸಂಪಾದಕರ ಉತ್ತರ: ಹೆಣ್ಣುಗರುವಿನ ಕಡ್ಡಿ, ಹೋರಿಗರುವಿನ ಲೆಕ್ಕ

ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಹೆಣ್ಣುಗರುವೇ ಹುಟ್ಟುತ್ತದೆ ಎಂದು ಎರಡು ಎಚ್‌ಎಫ್ (ಹಾಲಿನ ವಿದೇಶಿ ತಳಿ) ಆಕಳಿಗೆ ಹೆಚ್ಚಿನ ರೊಕ್ಕದ ವೀರ್ಯದ ಕಡ್ಡಿ ಹಾಕಿಸಿದೆ. ನಾಲ್ಕು ಸಲ ಈಯ್ದ ಆಕಳು ಗಬ್ಬ ನಿಲ್ಲಲಿಲ್ಲ. ಇನ್ನೂ ಈಯದ ಮಣಕಕ್ಕೆ ಫೆಬ್ರುವರಿ 10ರಂದು ಹಾಕಿಸಿದ್ದು, ಡಿಸೆಂಬರ್ 11ಕ್ಕೆ ಹೋರಿಗರು ಹಾಕಿತು. ಮಾರ್ಚಿನಲ್ಲಿ ಮೇಯಲು ಬಿಟ್ಟದ್ದು ಬಿಟ್ಟರೆ ಕೊಟ್ಟಿಗೆಯಲ್ಲೇ ಇತ್ತು. ಇದು ಮೋಸವಲ್ಲವೇ?”

ಯಜಮಾನರೇ, ಹೋರಿಗರು ಹುಟ್ಟಿತೆಂದು ಪತ್ರಿಕೆಗೆ ದೂರು ಬರೆಯುವ ಕಾಲ ಬಂತಲ್ಲ! ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿಯಲು ಎತ್ತು ಬೇಕಿತ್ತು. ಈಗ ಟ್ರ್ಯಾಕ್ಟರ್ ತೊಳೆದು ಹಾರ ಹಾಕುತ್ತೇವೆ. ಇರಲಿ.

ನೀವು ಹಾಕಿಸಿದ್ದು ಹೆಣ್ಣುಗರು ಕೊಡುವ ವೀರ್ಯಾಣುಗಳನ್ನು ಆರಿಸಿ ತುಂಬಿದ ಕಡ್ಡಿ. ಹೆಣ್ಣುಗರು ಕೊಡುವ ಎಕ್ಸ್ ವೀರ್ಯಾಣುವಿನಲ್ಲಿ ಹೋರಿಗರು ಕೊಡುವ ವೈಗಿಂತ ಸುಮಾರು ಶೇ 4ರಷ್ಟು ಡಿಎನ್‌ಎ ಹೆಚ್ಚು. ಬಣ್ಣ ಕಟ್ಟಿ ಲೇಸರ್ ಮುಂದೆ ಹಾಯಿಸಿದರೆ ಅದು ತುಸು ಹೆಚ್ಚು ಹೊಳೆಯುತ್ತದೆ. ಹೊಳಪು ಹಿಡಿದು ಯಂತ್ರ ಆ ವೀರ್ಯಾಣು ಇರುವ ಹನಿಗೆ ವಿದ್ಯುತ್ ತುಂಬಿ ಬದಿಗೆ ಎಳೆಯುತ್ತದೆ. 1989ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಲಾರೆನ್ಸ್ ಜಾನ್ಸನ್ ತಂಡ ಮೊಲಗಳಲ್ಲಿ ಮಾಡಿ ತೋರಿಸಿದ ವಿದ್ಯೆ ಇದು. 2024ರಲ್ಲಿ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯ ದೇಶೀ ಯಂತ್ರವೂ ಬಂದಿದೆ. ಆದರೂ ರಾಶಿ ಎಷ್ಟು ತೂರಿದರೂ ಒಂದಿಷ್ಟು ಜೊಳ್ಳು ಉಳಿಯುತ್ತದಲ್ಲ, ಹಾಗೆ: ಹುಟ್ಟುವ ನೂರು ಕರುಗಳಲ್ಲಿ ಸುಮಾರು 90 ಹೆಣ್ಣು. ಹೆಣ್ಣೇ ಗ್ಯಾರಂಟಿ ಅಂದವರ ಮಾತು ತಪ್ಪು.

ಗಬ್ಬ ನಿಲ್ಲದ್ದಕ್ಕೆ ಕಾರಣ ಬೇರೆ. ಮಾಮೂಲಿ ಕಡ್ಡಿಯಲ್ಲಿ ಸುಮಾರು 2 ಕೋಟಿ ವೀರ್ಯಾಣು. ಈ ಹೆಣ್ಣುಗರುವಿನ ಕಡ್ಡಿಯಲ್ಲಿ 20ರಿಂದ 40 ಲಕ್ಷ, ಅವೂ ಯಂತ್ರದಲ್ಲಿ ದಣಿದವು. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಬೀಜ ಬೀಳಬೇಕು. ಹೊತ್ತು ತಪ್ಪಿದರೆ ಮಾಮೂಲಿ ಕಡ್ಡಿ ಒಂದಿಷ್ಟು ತಾಳುತ್ತದೆ, ಇದು ತಾಳದು. ಅದಕ್ಕೇ ಇದನ್ನು ಗಟ್ಟಿಮುಟ್ಟಾದ ಮಣಕಕ್ಕೆ ಇಟ್ಟುಕೊಳ್ಳಿ, ಹಳೆಯ ಆಕಳಿಗೆ ಮಾಮೂಲಿಯೇ ಸಾಕು.

ಈಗ ಮಣಕದ ಲೆಕ್ಕ. ಫೆಬ್ರುವರಿ 10ರಿಂದ ಡಿಸೆಂಬರ್ 11ಕ್ಕೆ 304 ದಿನ. ಆಕಳು ಗಬ್ಬ ಹೊರುವುದು ಸುಮಾರು 280 ದಿನ, ನಾಲ್ಕೈದು ದಿನ ಹಿಂದೆ ಮುಂದೆ. 304ರಲ್ಲಿ 21 ಕಳೆದರೆ 283. ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆ ಎಂಬುದು ನಿಮಗೆ ನಾನು ಹೇಳಬೇಕಿಲ್ಲ. ಮೊದಲ ಬೀಜ ನಿಂತಿಲ್ಲ, ಮಾರ್ಚ್ 3ರ ಸುಮಾರಿಗೆ ಮತ್ತೆ ಬೆದೆಗೆ ಬಂದಿದೆ, ಮೇಯುವ ಹಿಂಡಿನಲ್ಲಿ ಹೋರಿ ಇತ್ತು ಎಂದು ನನ್ನ ಅನುಮಾನ. ಕರುವಿನ ಹಿಣಿಲು (ಭುಜದ ಮೇಲಿನ ಡುಬ್ಬ), ಗಂಗೆದೊಗಲು (ಕತ್ತಿನಡಿ ಜೋಲುವ ತೊಗಲು) ಒಮ್ಮೆ ಸರಿಯಾಗಿ ನೋಡಿ, ಊರ ಹೋರಿಯ ಹೋಲಿಕೆ ಇದೆಯೇ ಬರೆಯಿರಿ.