ಕೂಡಿ ಮಾಡುವ ಕೆಲಸ: ಯಾರ ಹತ್ತಿರ ಏನು ಕೇಳಬೇಕು?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘ. ಕಾಡಿನ ಹುಳಿಹಣ್ಣುಗಳಾದ ಉಪ್ಪಾಗೆ, ಮುರುಗಲು (ಕೋಕಂ) ಇವುಗಳ ಸಿಪ್ಪೆ ಒಣಗಿಸಲು ಊರಿಗೊಂದು ಡ್ರೈಯರ್ ಮಾಡಿಕೊಳ್ಳಬೇಕೆಂದಿದ್ದೇವೆ. ದಾನಿಯೊಬ್ಬರು ಸೋಲಾರ್ ಡ್ರೈಯರ್ ಕೊಡಿಸುತ್ತೇನೆ ಎಂದಿದ್ದಾರೆ. ಪಂಚಾಯ್ತಿ, ಅರಣ್ಯ ಇಲಾಖೆ, ಕಾಲೇಜಿನವರನ್ನು ಕರೆದು ಸಭೆ ಮಾಡಿದೆವು. ಎಲ್ಲರೂ 'ಸಹಕಾರ ಕೊಡುತ್ತೇವೆ' ಎಂದು ಹೋದರು. ಆಮೇಲೆ ಏನೂ ಆಗಲಿಲ್ಲ.

ಉತ್ತರ: ಮೊದಲು ದಾನಿಯ ಹತ್ತಿರ ಮಾತಾಡಿ. ಮುರುಗಲು ಹಣ್ಣಾಗುವುದು ಏಪ್ರಿಲ್-ಮೇ ಬಿಸಿಲಲ್ಲಿ. ಅದಕ್ಕೆ ಸೋಲಾರ್ ಸಾಕು. ಉಪ್ಪಾಗೆ ಬರುವುದು ಜೂನ್‌ನಿಂದ ಆಗಸ್ಟ್, ಜಡಿಮಳೆಯಲ್ಲಿ. ಆಗ ಬರೀ ಸೋಲಾರ್ ಡ್ರೈಯರ್ ಇದ್ದೂ ಇಲ್ಲದಂತೆ. ಅದೇ ಹಣದಲ್ಲಿ ಪಾರದರ್ಶಕ ಚಾವಣಿಯ ಜೊತೆ ಸೌದೆ ಒಲೆ, ಹೊಗೆ ಹೊರಹೋಗುವ ಕೊಳವೆ ಎರಡೂ ಇರುವ ಮನೆ ಕಟ್ಟಿಸಲು ಕೇಳಿ. ತಟ್ಟೆಗಳಿಗೆ ಸತುವಿನ ಲೇಪದ ಜಾಲರಿ ಬೇಡ. ಉಪ್ಪಾಗೆಯ ಹುಳಿ ಅದನ್ನು ತಿಂದುಹಾಕುತ್ತದೆ. ಸ್ಟೀಲ್ ಜಾಲರಿ ಅಥವಾ ಬಿದಿರಿನ ತಟ್ಟಿ ಇರಲಿ. ಒಂದು ಚದರ ಮೀಟರಿಗೆ 4-5 ಕೆ.ಜಿ. ಹಸಿ ಸಿಪ್ಪೆ ಹರವಿದರೆ, ಕ್ವಿಂಟಲಿಗೆ 20-25 ಚದರ ಮೀಟರ್ ತಟ್ಟೆ ಬೇಕು. ಶಾಖ 55-60 ಡಿಗ್ರಿಯಲ್ಲಿ ನಿಲ್ಲಲಿ. ಬೇಗ ಒಣಗಲಿ ಎಂದು ಉರಿ ಹೆಚ್ಚಿಸಿದರೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿಯೇ ಉಳಿದು, ಚೀಲದಲ್ಲಿ ಬೂಸಲು ಹಿಡಿಯುತ್ತದೆ. ಶಾಖ ಉಳಿಸಲು ಮೇಲಿನ ಗಾಳಿಕಿಂಡಿ ಮುಚ್ಚುವವರೂ ಇದ್ದಾರೆ. ಹಬೆ ಹೊರಹೋಗದೆ ಒಣಗುವುದೇ ಇಲ್ಲ.

ಇನ್ನು ಜನರ ವಿಷಯ. 'ಸಹಕಾರ ಕೊಡಿ' ಎಂದರೆ 'ಕೊಡುತ್ತೇವೆ' ಎಂಬ ಮಾತಷ್ಟೇ ಸಿಗುತ್ತದೆ. ಎಲ್ಲರನ್ನೂ ಒಟ್ಟಿಗೆ ಕೂರಿಸುವ ಮೊದಲು ಒಬ್ಬೊಬ್ಬರ ಬಳಿ ಬೇರೆಯಾಗಿ ಹೋಗಿ, ಅವರ ಕೈಯಲ್ಲಾಗುವ ಒಂದೇ ಕೆಲಸ ಕೇಳಿ. ಪಂಚಾಯ್ತಿಯಿಂದ ಬೇಕಾದದ್ದು ಜಾಗ. ಅದು ಬಾಯಿಮಾತಲ್ಲಿ ಬೇಡ. ಠರಾವು ಮಾಡಿಸಿ ಪ್ರತಿ ಇಟ್ಟುಕೊಳ್ಳಿ, ಅಧ್ಯಕ್ಷರು ಬದಲಾದರೂ ಕಾಗದ ಉಳಿಯುತ್ತದೆ. ಅರಣ್ಯ ಇಲಾಖೆಯವರೊಂದಿಗೆ ಸೌದೆಯ ಲೆಕ್ಕದಲ್ಲಿ ಮಾತಾಡಿ: ಕ್ವಿಂಟಲ್ ಹಸಿ ಸಿಪ್ಪೆಯಲ್ಲಿ 80 ಕೆ.ಜಿ. ನೀರಿದೆ ಎಂದುಕೊಂಡರೆ ಅದನ್ನು ಒಣಗಿಸಲು, ಉರಿಯ ಶಾಖದಲ್ಲಿ ಹತ್ತನೇ ಒಂದು ಪಾಲಷ್ಟೇ ಸಿಪ್ಪೆಗೆ ತಾಗುವ ಬಯಲು ಭಟ್ಟಿಗೆ ಸುಮಾರು 120 ಕೆ.ಜಿ. ಸೌದೆ ಬೇಕು, ಐದನೇ ಒಂದು ಪಾಲು ತಾಗುವ ಮುಚ್ಚಿದ ಒಲೆಗೆ 60 ಸಾಕು. ಕಾಡಿನ ಹೊರೆ ಅರ್ಧಕ್ಕರ್ಧ ಇಳಿಯುವ ಈ ಲೆಕ್ಕ ಅವರಿಗೆ ನಾಟುತ್ತದೆ. ಜೊತೆಗೆ, ನಿಮ್ಮ ಸೀಮೆಯ ಕಾಡಿನಲ್ಲಿ ಉಪ್ಪಾಗೆ ಕೊಯ್ಯುವ ಟೆಂಡರ್ ಯಾರ ಹೆಸರಲ್ಲಿದೆ ಎಂದು ಗ್ರಾಮ ಅರಣ್ಯ ಸಮಿತಿಯಲ್ಲಿ ಮೊದಲೇ ವಿಚಾರಿಸಿ. ಡ್ರೈಯರ್ ಕಟ್ಟಿದ ಮೇಲೆ ಹಣ್ಣಿನ ಹಕ್ಕು ಬೇರೆಯವರದ್ದೆಂದು ತಿಳಿದರೆ ಎಲ್ಲವೂ ವ್ಯರ್ಥ. ಶಿರಸಿಯ ಅರಣ್ಯ ಕಾಲೇಜಿಗೆ 'ಮಾರ್ಗದರ್ಶನ ನೀಡಿ' ಎಂದು ಬರೆಯಬೇಡಿ. ಮೊದಲ ಮೂರು ಒಬ್ಬೆಯ ತೇವಾಂಶ ಅಳೆದುಕೊಡಿ ಎಂದು ಬರೆಯಿರಿ.

ಜಗಳ ಹುಟ್ಟುವುದು ಪಾಳಿಯಲ್ಲಿ. ಮಳೆ ಜೋರಾದ ವಾರವೇ ಎಲ್ಲರ ಮನೆಗೂ ಹಣ್ಣು ಬರುತ್ತದೆ, ಅದು ಹೆಚ್ಚು ದಿನ ತಾಳುವುದಿಲ್ಲ. ಚೀಟಿ ಎತ್ತಿ ಪಾಳಿ ಮೊದಲೇ ಗೊತ್ತುಮಾಡಿ, ಒಬ್ಬರಿಗೆ ಒಂದು ಸಲಕ್ಕೆ ಇಷ್ಟೇ ಕೆ.ಜಿ. ಎಂದು ಬರೆದು ಗೋಡೆಗೆ ಅಂಟಿಸಿ. ಬಾಡಿಗೆಯಲ್ಲಿ ಸೌದೆ, ಕೂಲಿಯ ಜೊತೆ ತಟ್ಟೆ ರಿಪೇರಿಯ ಪಾಲೂ ಸೇರಿರಲಿ. ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಶೇರು, ಪಾಸ್‌ಬುಕ್ಕು, ವಾರ್ಷಿಕ ಲೆಕ್ಕ ನಿಮ್ಮ ಕಡೆಯವರಿಗೆ ಹೊಸದಲ್ಲ, ಅದೇ ರೀತಿಯಲ್ಲಿ ನಡೆಸಿ. ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ಮಾತ್ರ ಸಭೆ ಕರೆಯಬೇಡಿ.

ಪ್ರಶ್ನೆ: ಕುಮಟಾ ಕಡೆ ಅಘನಾಶಿನಿ ದಂಡೆಯ ಪಾಳುಬಿದ್ದ ಗಜನಿಯಲ್ಲಿ (ಉಪ್ಪುನೀರು ಬರುವ ತಗ್ಗು ಗದ್ದೆ) ಮತ್ತೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯಲು ನಾವು ಹತ್ತಾರು ಯುವಕರು ಸಿದ್ಧ. ಹಿಡುವಳಿದಾರರು ಒಪ್ಪುತ್ತಿಲ್ಲ. ಹೇಗೆ?

ಉತ್ತರ: ಗಜನಿಯಲ್ಲಿ ಒಬ್ಬನೇ ಬೇಸಾಯ ಮಾಡಲಾಗದು. ಕಟ್ಟೆ ಒಂದು, ತೂಬಿನ ಬಾಗಿಲು ಎಲ್ಲರಿಗೂ ಸೇರಿದ್ದು. ಸಮುದ್ರದ ಇಳಿತದಲ್ಲಿ ತೆಗೆದು ಭರತದಲ್ಲಿ (ಉಬ್ಬರದಲ್ಲಿ) ಹಾಕಬೇಕು. ಒಂದು ಭರತ ತಪ್ಪಿದರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಹಾಗಾಗಿ ಮೊದಲ ಕೆಲಸ ಪಹಣಿ ತೆಗೆಸಿ, ಬೆಂಗಳೂರು-ಮುಂಬೈಯಲ್ಲಿ ಇರುವವರನ್ನೂ ಸೇರಿಸಿ, ಹಿಡುವಳಿದಾರರ ಪೂರ್ತಿ ಪಟ್ಟಿ ಮಾಡುವುದು. ಅವರು ಒಪ್ಪದಿರುವುದಕ್ಕೆ ಕಾರಣವಿದೆ: ಕಗ್ಗ ಎತ್ತರ ಬೆಳೆದು ಮಲಗುತ್ತದೆ, ಯಂತ್ರದ ಕೊಯ್ಲು ಕಷ್ಟ, ಆಳು ಸಿಗುವುದಿಲ್ಲ, ಸೀಗಡಿ-ಮೀನಿನ ಹರಾಜಿನಲ್ಲಿ ಹಣ ಸುಲಭ. ಮೀನು ಬಿಡಿ ಎಂದು ಕೇಳಲೇಬೇಡಿ. ಹಿಂದಿನಿಂದಲೂ ಮಳೆಗಾಲಕ್ಕೆ ಭತ್ತ, ಕೊಯ್ಲಾದ ಮೇಲೆ ಮೀನು. ಕೊಳೆತ ಕೂಳೆಯೇ ಮೀನಿಗೆ ಮೇವು. ಹರಾಜಿನ ಪಾಲು ಹಿಡುವಳಿದಾರರಿಗೆ, ಬಿತ್ತನೆ-ಕೊಯ್ಲಿನ ದುಡಿಮೆ ನಿಮ್ಮದು, ತೂಬು ಕಾಯುವವನ ಸಂಬಳ ಎರಡೂ ಕಡೆಯಿಂದ ಎಂದು ಬರೆದುಕೊಡಿ. ಮೊದಲ ಮಳೆಗಳು ಉಪ್ಪು ತೊಳೆದ ಮೇಲೆಯೇ ಮೊಳಕೆ ಬೀಜ ಬಿತ್ತಿ. ಅಘನಾಶಿನಿ ಅಳಿವೆಯನ್ನು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂದು 2024ರ ಜನವರಿಯಲ್ಲಿ ಪ್ರಕಟಿಸಲಾಗಿದೆ. ಅಧಿಕಾರಿಗಳಿಗೆ ಬರೆಯುವ ಪತ್ರದ ಮೊದಲ ಸಾಲು ಅದೇ ಇರಲಿ.

ಪ್ರಶ್ನೆ: ಕಾರವಾರದಲ್ಲಿ ಹರಿದ ಬಲೆಗಳನ್ನು ಸಂಗ್ರಹಿಸಲು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಸಿಗಬಹುದೆ?

ಉತ್ತರ: ಹೊಸ ಯುವಕ ಮಂಡಳಕ್ಕೆ ನೇರವಾಗಿ ಸಿಗುವುದು ಕಷ್ಟ. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವೇನೋ ಆಗುತ್ತದೆ. ಆದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಮೂರು ವರ್ಷ ಅದೇ ಬಗೆಯ ಕೆಲಸ ಮಾಡಿದ ದಾಖಲೆ, 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿಗೆ ಹಾಕುವ ಸಿಎಸ್‌ಆರ್-1 ಅರ್ಜಿ ಇವೆಲ್ಲ ಬೇಕು. ಇವು ಆಗಲೇ ಇರುವ ಸಂಸ್ಥೆಯೊಂದರ ಜೊತೆ ಸೇರಿಕೊಳ್ಳಿ. ಸಾಮಾನು ಯಾರ ಹೆಸರಲ್ಲಿ, ಕಂತು ಯಾವಾಗ, ಹಣ ನಿಂತ ಮೇಲೆ ಸಾಗಾಟದ ಖರ್ಚು ಯಾರದ್ದು ಎಂಬ ಮೂರನ್ನು ಒಪ್ಪಂದದಲ್ಲಿ ಬರೆಸಿ.

ಮೀನುಗಾರರನ್ನು ಕಾಣಲು ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ಕಾಲವೇ ಸರಿ. ಆಗ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ, ಬಲೆ ದುರಸ್ತಿ ನಡೆದಿರುತ್ತದೆ, ತುಂಡುಗಳು ಅಲ್ಲೇ ಬೀಳುತ್ತವೆ. ಬಗೆಬಗೆಯ ಬಲೆ ಬೆರೆತರೆ ದರ ಬೀಳುತ್ತದೆ. ಒಂದು ಚೂರನ್ನು ಬಕೆಟ್ ನೀರಲ್ಲಿ ಅದ್ದಿ, ಗಾಳಿಗುಳ್ಳೆ ಹೋಗುವಂತೆ ಹಿಂಡಿ ಬಿಡಿ. ನೈಲಾನ್ ಮುಳುಗುತ್ತದೆ, ಪಾಲಿಥೀನ್, ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತವೆ. ಮರಳು ಕೊಡವಿ, ಒಣಗಿಸಿ, ಬೇರೆ ಬೇರೆ ಚೀಲ ಕಟ್ಟಿ.